ಕಟ್ಟಿ ಹಾಕಿದ್ದರಾ?

ಬೆಂಗಳೂರಿನ ಯಾವುದಾದರೂ ಆಫೀಸಿನ ಮೀಟಿಂಗ್ ರೂಮಿನಲ್ಲಿ ಒಂದು ಗಂಟೆ ಸುಮ್ಮನೆ ಕೂತು ಕೇಳಿಸಿಕೊಳ್ಳಿ. ಇದು ಆಫೀಸೋ, ಮೃಗಾಲಯವೋ, ಹಣ್ಣಿನ ತೋಟವೋ ಅಂತ ಅನುಮಾನ ಬರುತ್ತೆ. ರೂಮಿನ ಮಧ್ಯೆ ಒಂದು ಆನೆ ನಿಂತಿರುತ್ತೆ, ಅದರ ಬಗ್ಗೆ ಯಾರೂ ಮಾತಾಡೋದಿಲ್ಲ. ಯಾರೋ ಒಬ್ಬರು ಮೊದಲು ಬಾತುಕೋಳಿಗಳನ್ನು ಸಾಲಾಗಿ ನಿಲ್ಲಿಸೋಣ ಅಂತಾರೆ. ಇನ್ನೊಬ್ಬರು ಕೈಗೆಟುಕುವ ಕೊಂಬೆಯ ಹಣ್ಣು ಕಿತ್ತುಕೊಂಡರೆ ಸಾಕು, ಇಡೀ ಸಮುದ್ರ ಕುದಿಸೋಕೆ ಹೋಗೋದು ಬೇಡ ಅಂತಾರೆ. ತಮಾಷೆ ಏನೆಂದರೆ, ಅಲ್ಲಿ ಕೂತ ಹತ್ತು ಜನರಲ್ಲಿ ಒಬ್ಬರ ಕಣ್ಣಿಗೂ ಆನೆ ಕಂಡಿರೋದಿಲ್ಲ, ಹಣ್ಣೂ ಕಂಡಿರೋದಿಲ್ಲ. 'ಎಲಿಫೆಂಟ್ ಇನ್ ದ ರೂಮ್' ಅಂದ ತಕ್ಷಣ ಅರ್ಥ ಹೊಳೆಯುತ್ತೆ, ಚಿತ್ರ ಹೊಳೆಯೋದಿಲ್ಲ.

ಈ ನುಡಿಗಟ್ಟುಗಳು ನಮಗೆ ಸಿಕ್ಕಿದ್ದೇ ಹಾಗೆ. ಕನ್ನಡ ಮೀಡಿಯಂನಲ್ಲಿ ಓದಿ ಬಂದವರಿಗೆ ನೆನಪಿರಬಹುದು. ಇಂಗ್ಲಿಷ್ ಗ್ರಾಮರ್ ಪುಸ್ತಕದ ಕೊನೆಯಲ್ಲಿ 'ಈಡಿಯಮ್ಸ್ ಅಂಡ್ ಫ್ರೇಸಸ್' ಅಂತ ಎರಡು ಕಾಲಮ್ಮಿನ ಪಟ್ಟಿ ಇರುತ್ತಿತ್ತು. ಎಡಗಡೆ 'ಕಿಕ್ ದ ಬಕೆಟ್', ಬಲಗಡೆ 'ಸಾಯು'. ಎಡಗಡೆ 'ಸ್ಪಿಲ್ ದ ಬೀನ್ಸ್', ಬಲಗಡೆ 'ಗುಟ್ಟು ರಟ್ಟು ಮಾಡು'. ಪರೀಕ್ಷೆಯ ಹಿಂದಿನ ರಾತ್ರಿ ಉರು ಹೊಡೆದರೆ ಮುಗೀತು. ಬಕೆಟ್ ಯಾರದು, ಒದ್ದವನು ಯಾರು, ಒದ್ದರೆ ಸಾಯೋದು ಯಾಕೆ ಅಂತ ಯಾರೂ ಕೇಳುತ್ತಿರಲಿಲ್ಲ. ಕೇಳಿದ್ದರೂ ಪ್ರಯೋಜನವಿರಲಿಲ್ಲ ಅನ್ನಿ, ಆ ಬಕೆಟ್ಟಿನ ಬಗ್ಗೆ ಇಂಗ್ಲಿಷ್ ವಿದ್ವಾಂಸರಲ್ಲೇ ಒಮ್ಮತವಿಲ್ಲ.

ಅರ್ಥ ಗೊತ್ತಿದ್ದು ಚಿತ್ರ ಗೊತ್ತಿಲ್ಲದಿದ್ದರೆ ಏನು ನಷ್ಟ? ಹಣ್ಣು, ಬಾತುಕೋಳಿಗಳ ವಿಷಯದಲ್ಲಿ ಏನೂ ನಷ್ಟವಿಲ್ಲ. ಆದರೆ ಇನ್ನೊಬ್ಬರ ಬದುಕಿನ ಮೇಲೆ ತೀರ್ಮಾನ ತೆಗೆದುಕೊಳ್ಳುವಾಗ ಬಳಸುವ ನುಡಿಗಟ್ಟುಗಳೂ ಇವೆ. ಅಲ್ಲಿ ನಷ್ಟವಿದೆ. ಅದು ವ್ಯಾಕರಣದ ನಷ್ಟ ಅಲ್ಲ, ನಡತೆಗೆ ಸಂಬಂಧಪಟ್ಟದ್ದು ಅಂತ ನನಗನ್ನಿಸುತ್ತೆ.

ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿ, ಬರ್ಮಾದಲ್ಲಿ ಪೊಲೀಸ್ ಆಗಿದ್ದು, ಆಮೇಲೆ ಬರಹಗಾರನಾದ ಜಾರ್ಜ್ ಆರ್ವೆಲ್ 1946ರಲ್ಲಿ ಇಂಗ್ಲಿಷ್ ಭಾಷೆ ಮತ್ತು ರಾಜಕೀಯದ ಬಗ್ಗೆ ಒಂದು ಪ್ರಬಂಧ ಬರೆದ. ಅದರಲ್ಲೊಂದು ಸಣ್ಣ ಉದಾಹರಣೆ ಬರುತ್ತೆ. 'ಟೋ ದ ಲೈನ್' ಅಂದರೆ ಗೆರೆಗೆ ಕಾಲ್ಬೆರಳು ತಾಗಿಸಿ ಶಿಸ್ತಾಗಿ ನಿಲ್ಲೋದು. ಆದರೆ ಬಹಳ ಜನ ಅದನ್ನು ಬೇರೆ ಸ್ಪೆಲ್ಲಿಂಗಿನಲ್ಲಿ, ಹಗ್ಗ ಕಟ್ಟಿ ಎಳೆಯೋದು ಅನ್ನುವ ಅರ್ಥ ಬರುವ ಹಾಗೆ ಬರೆಯುತ್ತಾರಂತೆ. ಬರೆಯುವವನ ಕಣ್ಣಮುಂದೆ ಗೆರೆಯೂ ಇಲ್ಲ, ಕಾಲ್ಬೆರಳೂ ಇಲ್ಲ ಅನ್ನೋದಕ್ಕೆ ಇದೇ ಸಾಕ್ಷಿ. ಆರ್ವೆಲ್ ಅಲ್ಲಿಗೇ ನಿಲ್ಲಿಸಲಿಲ್ಲ. ಹಳ್ಳಿಗಳ ಮೇಲೆ ಬಾಂಬು ಹಾಕಿ ಅದಕ್ಕೆ ಶಾಂತಿ ಸ್ಥಾಪನೆ ಅಂತ ಹೆಸರಿಟ್ಟಾಗಲೂ ನಡೆಯೋದು ಇದೇ ಕೆಲಸ ಅಂದ. ಮಾತಿನಲ್ಲಿ ಚಿತ್ರ ಕಾಣದಿದ್ದರೆ ಮಾಡಿದ ಕೆಲಸವೂ ಕಾಣೋದಿಲ್ಲ.

ಮಾತು ಎಲ್ಲಿಂದ ಬಂತು ಅಂತ ಕೇಳುವ ಅಭ್ಯಾಸ ನಮ್ಮ ಜಿಲ್ಲೆಗೆ ಹೊಸದಲ್ಲ. ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಿ 1913ರಲ್ಲಿ ಹುಟ್ಟಿದ ನಿಘಂಟುತಜ್ಞ ಜಿ. ವೆಂಕಟಸುಬ್ಬಯ್ಯನವರು ಪ್ರಜಾವಾಣಿಯ 'ಇಗೋ ಕನ್ನಡ' ಅಂಕಣದಲ್ಲಿ ವರ್ಷಗಟ್ಟಲೆ ಮಾಡಿದ್ದು ಇದನ್ನೇ. ಓದುಗರು ಒಂದು ಪದ ಹಿಡಿದು ಕೇಳೋರು, ಅವರು ಅದರ ಬೇರು ಹುಡುಕಿ ತೋರಿಸೋರು. 107 ವರ್ಷ ಬದುಕಿದ ಆ ಹಿರಿಯರಿಗೆ ಕಾಗದ ಬರೆದವರೆಲ್ಲ ಪಂಡಿತರೇ ಆಗಿರಬೇಕಿರಲಿಲ್ಲ. ಆಡುವ ಮಾತಿನ ಬಗ್ಗೆ ಕುತೂಹಲ ಇದ್ದರೆ ಸಾಕಿತ್ತು.

ಈಗ 'ಲೆಟ್ ಗೋ' ಅನ್ನುವ ಎರಡು ಸಣ್ಣ ಪದಗಳನ್ನು ತಗೊಳ್ಳಿ. ನಮ್ಮ ದೊಡ್ಡಪ್ಪ ಇರೋದು ಮದ್ದೂರು ತಾಲ್ಲೂಕಿನ ಆತಗೂರಿನಲ್ಲಿ. ಐಟಿ ಕಂಪನಿಗಳು ಜನರನ್ನು ಮನೆಗೆ ಕಳಿಸುತ್ತಿದ್ದ ಸುದ್ದಿ ಟೀವಿಯಲ್ಲಿ ದಿನಾ ಬರುತ್ತಿದ್ದ ಕಾಲ. ಊರಿಗೆ ಹೋಗಿದ್ದಾಗ ನಾನು ಫೋನಿನಲ್ಲಿ ಯಾರಿಗೋ 'ಅವನನ್ನ ಲೆಟ್ ಗೋ ಮಾಡಿದ್ರಂತೆ' ಅಂದಿದ್ದು ಅವರ ಕಿವಿಗೆ ಬಿತ್ತು.

"ಅಂಗಂದ್ರೇನ್ಲಾ?"

"ಬಿಟ್ಟು ಕಳಿಸಿದ್ರು ಅಂತ ದೊಡ್ಡಪ್ಪ."

"ಯಾಕೆ, ಕಟ್ಟಾಕಿದ್ರಾ?"

ಅವರು ತಮಾಷೆ ಮಾಡುತ್ತಿರಲಿಲ್ಲ. "ಬುಡೋದು ಅಂದ್ರೆ ಕರ ಬುಡ್ತರೆ, ನಾಲೇಲಿ ನೀರು ಬುಡ್ತರೆ. ಅದು ಓಗ್ಬೇಕು ಅಂತ ಕಾಯ್ತಾ ಇರ್ತದೆ, ಬುಟ್ರೆ ಓಯ್ತದೆ. ಈ ಐಕ್ಳು ಓಗ್ಬೇಕು ಅಂತ ಕಾಯ್ತಾ ಇದ್ರಾ?" ಅಂದರು. ಎರಡು ಕಾಲಮ್ಮಿನ ಪಟ್ಟಿ ಓದಿದ ನನಗೆ ಕಾಣದ್ದು, ಆ ಪಟ್ಟಿ ಓದದ ಅವರಿಗೆ ಒಂದು ಕ್ಷಣದಲ್ಲಿ ಕಂಡಿತ್ತು. 'ಲೆಟ್ ಗೋ' ಅನ್ನುವ ಮಾತಿನೊಳಗಿನ ಚಿತ್ರ ಅದೇ. ಯಾರೋ ಹೊರಡಲು ತುದಿಗಾಲಲ್ಲಿ ನಿಂತಿದ್ದಾರೆ, ಹಗ್ಗ ನಮ್ಮ ಕೈಲಿದೆ, ನಾವು ದೊಡ್ಡ ಮನಸ್ಸು ಮಾಡಿ ಬಿಡುತ್ತಿದ್ದೇವೆ. ಸಂಬಳ ನಿಂತುಹೋಗುವ ಮನುಷ್ಯ ಈ ಚಿತ್ರದಲ್ಲಿ ಬಿಡುಗಡೆ ಆದವನು. ಸಂಬಳ ನಿಲ್ಲಿಸಿದವನು ಉದಾರಿ.

2023ರ ಜನವರಿ 20ರಂದು ಗೂಗಲ್ ಮುಖ್ಯಸ್ಥ ಸುಂದರ್ ಪಿಚೈ ತಮ್ಮ ನೌಕರರಿಗೆ ಬರೆದ ಕಾಗದ ಬಹಿರಂಗವಾಗಿಯೇ ಇದೆ. ಅದರ ಪ್ರಕಾರ ಕಂಪನಿ ಕಡಿಮೆ ಮಾಡಿದ್ದು ಸುಮಾರು 12,000 'ರೋಲ್'ಗಳನ್ನು. ರೋಲ್ ಅಂದರೆ ನಾಟಕದ ಪಾತ್ರ. ಪಾತ್ರಕ್ಕೆ ಮನೆ ಸಾಲ ಇರೋದಿಲ್ಲ, ಶಾಲೆಗೆ ಹೋಗುವ ಮಗಳಿರೋದಿಲ್ಲ. ಪಾತ್ರ ತೆಗೆದರೆ ನಾಟಕ ಸ್ವಲ್ಪ ಚಿಕ್ಕದಾಗುತ್ತೆ, ಅಷ್ಟೆ. ಅದೇ ಕಾಗದದಲ್ಲಿ ಈ ಸ್ಥಿತಿಗೆ ತಂದ ನಿರ್ಧಾರಗಳ ಪೂರ್ತಿ ಹೊಣೆ ತಮ್ಮದು ಅಂತಲೂ ಅವರು ಬರೆದಿದ್ದರು. 'ಫುಲ್ ರೆಸ್ಪಾನ್ಸಿಬಿಲಿಟಿ' ಅನ್ನೋದೂ ಈಗ ಒಂದು ನುಡಿಗಟ್ಟೇ ಆಗಿಬಿಟ್ಟಿದೆ. ಕನ್ನಡದಲ್ಲಿ 'ಹೊಣೆ' ಅನ್ನುವ ಮಾತಿಗೆ ಹಳೆಯ ಅರ್ಥ ಜಾಮೀನು. ಸೊಸೈಟಿಯಲ್ಲಿ ಇನ್ನೊಬ್ಬರ ಸಾಲಕ್ಕೆ ನೀವು ಹೊಣೆ ನಿಂತರೆ, ಅವರು ಕಟ್ಟದಿದ್ದಾಗ ನೋಟಿಸ್ ಬರೋದು ನಿಮ್ಮ ಮನೆಗೆ. ಹೊಣೆ ಹೊತ್ತವನ ಕೈಯಿಂದ ಏನಾದರೂ ಹೋಗಬೇಕು. ಏನೂ ಹೋಗದಿದ್ದರೆ ಆತಗೂರಿನಲ್ಲಿ ಅದನ್ನು ಹೊಣೆ ಅನ್ನೋದಿಲ್ಲ, ಬಾಯಿಮಾತು ಅಂತಾರೆ.

ಇಂಗ್ಲಿಷಿಗೆ ಈ ತಿಳಿವಳಿಕೆ ಇಲ್ಲ ಅಂತಲ್ಲ. ಪೋಕರ್ ಆಟದಲ್ಲಿ ಎಲೆ ಹಂಚುವ ಸರದಿ ಯಾರದು ಅಂತ ಗುರುತಿಗೆ ಇಡುತ್ತಿದ್ದ ವಸ್ತುವಿಗೆ 'ಬಕ್' ಅನ್ನುತ್ತಿದ್ದರು. ಸರದಿ ಬೇಡದವನು ಅದನ್ನು ಪಕ್ಕದವನಿಗೆ ದಾಟಿಸುತ್ತಿದ್ದ. 'ಪಾಸ್ ದ ಬಕ್' ಬಂದಿದ್ದು ಅಲ್ಲಿಂದ. ಅಮೆರಿಕದ ಅಧ್ಯಕ್ಷ ಟ್ರೂಮನ್ ಮೇಜಿನ ಮೇಲೆ 'ದ ಬಕ್ ಸ್ಟಾಪ್ಸ್ ಹಿಯರ್' ಅಂತ ಒಂದು ಫಲಕ ಇತ್ತು. ದಾಟಿಸೋದು ಇಲ್ಲಿಗೆ ನಿಂತಿತು ಅಂತ. ಎರಡೂ ಒಂದೇ ಆಟದಿಂದ ಬಂದ ಮಾತು. ಒಂದು ಜಾರಿಕೊಳ್ಳುವವನನ್ನು ತೋರಿಸುತ್ತೆ, ಇನ್ನೊಂದು ನಿಲ್ಲುವವನನ್ನು. ಅಂದರೆ ತಕರಾರು ಇಂಗ್ಲಿಷಿನ ಮೇಲಲ್ಲ, ಯಾವ ಮಾತನ್ನು ಯಾಕೆ ಆರಿಸಿಕೊಳ್ಳುತ್ತೇವೆ ಅನ್ನೋದರ ಮೇಲೆ.

ಈ ಆಯ್ಕೆ ಎಷ್ಟು ಕಷ್ಟದ್ದು ಅಂತ ನನಗೆ ಗೊತ್ತಾಗಿದ್ದು ಮಳವಳ್ಳಿ ಕಡೆಯ ಗೆಳೆಯನೊಬ್ಬನ ಫೋನಿನಿಂದ. ಬೆಂಗಳೂರಿನ ಒಂದು ಕಂಪನಿಯಲ್ಲಿ ಅವನು ಟೀಮ್ ಲೀಡ್. ಅವನ ಟೀಮಿನಲ್ಲಿ ನಾಲ್ಕು ಜನರನ್ನು ತೆಗೆಯೋದು ಅಂತ ತೀರ್ಮಾನ ಆಗಿತ್ತು. ಯಾರ್‍ಯಾರು ಅನ್ನುವ ಪಟ್ಟಿ ಮಾಡುವಾಗ ಇವನ ಅಭಿಪ್ರಾಯವನ್ನೂ ಕೇಳಿದ್ದರು. ಎಚ್‌ಆರ್‌ನವರು ಏನು ಹೇಳಬೇಕು ಅಂತ ಒಂದು ಪುಟದ ಇಂಗ್ಲಿಷ್ ಸ್ಕ್ರಿಪ್ಟ್ ಕೊಟ್ಟಿದ್ದರು. ಮೂವರಿಗೆ ಅದನ್ನೇ ಓದಿದರೆ ನಡೆಯುತ್ತಿತ್ತು. ನಾಲ್ಕನೆಯವನು ನಮ್ಮ ಜಿಲ್ಲೆಯ ಹುಡುಗ, ಇವನನ್ನು 'ಅಣ್ಣ' ಅಂತ ಕರೆಯುವವನು, ಇವನ ಜೊತೆ ಒಂದು ದಿನವೂ ಇಂಗ್ಲಿಷ್ ಮಾತಾಡಿದವನಲ್ಲ. "ಮಗಾ, ಇದನ್ನ ಅವನಿಗೆ ಕನ್ನಡದಲ್ಲಿ ಹೆಂಗೆ ಹೇಳ್ಲಿ?" ಅಂತ ರಾತ್ರಿ ಹತ್ತಕ್ಕೆ ಫೋನ್ ಮಾಡಿದ.

ಇಬ್ಬರೂ ಕೂತು ಅನುವಾದಕ್ಕೆ ಇಳಿದೆವು. 'ಯುವರ್ ರೋಲ್ ಈಸ್ ಇಂಪ್ಯಾಕ್ಟೆಡ್' ಅನ್ನೋದನ್ನು 'ನಿನ್ನ ಹುದ್ದೆಯ ಮೇಲೆ ಪರಿಣಾಮ ಆಗಿದೆ' ಅಂದರೆ ಜ್ಯೋತಿಷಿ ಶನಿದೃಷ್ಟಿ ಬಿದ್ದಿದೆ ಅಂದ ಹಾಗೆ ಕೇಳಿಸಿತು. ಪರಿಣಾಮ ಎಲ್ಲಿಂದ ಬಂತು? ಆಕಾಶದಿಂದಲಾ? ಇನ್ನೊಂದು ಸಾಲಿನಲ್ಲಿ ಕಂಪನಿಗೆ 'ಬೈಟ್ ದ ಬುಲೆಟ್' ಮಾಡಲೇಬೇಕಾಗಿ ಬಂತು ಅಂತಿತ್ತು. ಆ ಮಾತಿಗೆ ಜನ ಕೊಡುವ ವಿವರಣೆ ನಿಮಗೂ ಗೊತ್ತಿರಬಹುದು. ಅರಿವಳಿಕೆ ಇಲ್ಲದ ಕಾಲದಲ್ಲಿ, ಯುದ್ಧಭೂಮಿಯಲ್ಲಿ ಕಾಲು ಕತ್ತರಿಸುವಾಗ ನೋವು ತಡೆಯಲಿ ಅಂತ ಸೈನಿಕನ ಹಲ್ಲಿನ ಮಧ್ಯೆ ಗುಂಡು ಇಡುತ್ತಿದ್ದರಂತೆ. ಆ ಚಿತ್ರದಲ್ಲಿ ಗುಂಡು ಕಚ್ಚುವವನು ಕಾಲು ಕಳೆದುಕೊಳ್ಳುವವನು. ನಮ್ಮ ಸ್ಕ್ರಿಪ್ಟಿನಲ್ಲಿ ಗರಗಸ ಹಿಡಿದವನೇ 'ನಾನು ಗುಂಡು ಕಚ್ಚುತ್ತಿದ್ದೇನೆ' ಅಂತಿದ್ದ. ಇಂಗ್ಲಿಷಿನಲ್ಲಿ ಅದು ಸಲೀಸಾಗಿ ನಡೆದುಹೋಗಿತ್ತು. ಕನ್ನಡಕ್ಕೆ ತಂದ ತಕ್ಷಣ ಇಬ್ಬರಿಗೂ ನಾಚಿಕೆ ಆಯಿತು.

ಅರ್ಧ ಗಂಟೆ ಆದಮೇಲೆ ಉಳಿದಿದ್ದು ಎರಡೇ ವಾಕ್ಯ. "ನಿನ್ನನ್ನ ಕೆಲಸದಿಂದ ತೆಗೀತಿದೀವಿ. ಪಟ್ಟಿ ಮಾಡಿದೋರಲ್ಲಿ ನಾನೂ ಇದ್ದೆ." ಮಾರನೆಯ ದಿನ ಸ್ಕ್ರಿಪ್ಟ್ ಓದಿ ಮುಗಿಸಿ, ಆಮೇಲೆ ಅವನು ಇದನ್ನೂ ಹೇಳಿದ. ಹುಡುಗ ಕೇಳಿದ್ದು ಒಂದೇ: "ನಾನೇ ಯಾಕಣ್ಣ?" ಸ್ಕ್ರಿಪ್ಟಿನಲ್ಲಿ ಈ ಪ್ರಶ್ನೆಗೆ ಜಾಗವೇ ಇರಲಿಲ್ಲ. ಗೊತ್ತಿದ್ದಷ್ಟನ್ನು ಗೆಳೆಯ ಹೇಳಿದ. ಆ ಹುಡುಗ ನಾಲ್ಕು ಮಾತು ಜೋರಾಗಿಯೇ ಆಡಿ ಎದ್ದು ಹೋದ. ಮೂರು ತಿಂಗಳು ಇವನ ಫೋನ್ ಎತ್ತಲಿಲ್ಲ.

ಹಾಗಾದರೆ ನೇರವಾಗಿ ಹೇಳಿ ಬಂದ ಲಾಭ ಏನು? ಕೆಲಸವಂತೂ ಉಳಿಯಲಿಲ್ಲ. ನೋವು ಇನ್ನೂ ಸ್ವಲ್ಪ ಹೆಚ್ಚೇ ಆಗಿರಬಹುದು. ಇದನ್ನೇ ಕೇಳಿದಾಗ ಗೆಳೆಯ ಹೇಳಿದ: "ಅವನಿಗೆ ಬಯ್ಯೋಕೆ ಒಬ್ಬ ಮನುಷ್ಯ ಸಿಕ್ಕಿದ, ಅಷ್ಟೇ." ಯೋಚಿಸಿದಷ್ಟೂ ಇದು ಸಣ್ಣ ವಿಷಯ ಅಲ್ಲ ಅನ್ನಿಸುತ್ತೆ. 'ಪರಿಣಾಮ ಆಗಿದೆ' ಅಂದಾಗ ಅನ್ಯಾಯ ಮಳೆಗಾಳಿ ಥರ ಆಗಿಬಿಡುತ್ತೆ. ಮಳೆಗೆ ಯಾರು ಬಯ್ಯೋದು? ಬಯ್ಯೋಕೆ ಯಾರೂ ಸಿಗದವನು ಕೊನೆಗೆ ತನ್ನನ್ನೇ ಬೈದುಕೊಳ್ಳುತ್ತಾನೆ. ನನ್ನಲ್ಲೇ ಏನೋ ಕೊರತೆ ಇತ್ತು, ನಾನೇ ಸಾಲದವನು ಅಂತ ತಿಂಗಳುಗಟ್ಟಲೆ ಛಾವಣಿ ನೋಡಿಕೊಂಡು ಮಲಗುತ್ತಾನೆ. ಮಾಡಿದವನು ವಾಕ್ಯದಿಂದ ಜಾರಿಕೊಂಡರೆ, ಖಾಲಿ ಬಿದ್ದ ಆ ಜಾಗಕ್ಕೆ ಅನುಭವಿಸಿದವನೇ ಬಂದು ಕೂರುತ್ತಾನೆ.

'ಬರ್ನ್ಔಟ್' ಅನ್ನುವ ಮಾತಿನಲ್ಲೂ ಇದೇ ಆಗಿದೆ. 1974ರಲ್ಲಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಅನ್ನುವ ಅಮೆರಿಕದ ಮನಃಶಾಸ್ತ್ರಜ್ಞ ಈ ಪದವನ್ನು ತನ್ನ ಶಾಸ್ತ್ರಕ್ಕೆ ತಂದ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ತನ್ನ ವರ್ಗೀಕರಣದಲ್ಲಿ ವಿವರಿಸಿತು. ರೋಗ ಅಂತಲ್ಲ, ಸರಿಯಾಗಿ ನಿಭಾಯಿಸದೆ ಉಳಿದ, ಕೆಲಸದ ಜಾಗದ ದೀರ್ಘಕಾಲದ ಒತ್ತಡದಿಂದ ಬರುವ ಸ್ಥಿತಿ ಅಂತ. ನಿಭಾಯಿಸದೆ ಇದ್ದವರು ಯಾರು? ವಾಕ್ಯ ಹೇಳೋದಿಲ್ಲ. 'ಐ ಯಾಮ್ ಬರ್ನ್ಟ್ ಔಟ್' ಅಂದಾಗ ಮೇಣದ ಬತ್ತಿಯ ಹಾಗೆ ನಾನೇ ಉರಿದು ಮುಗಿದೆ ಅನ್ನುವ ಚಿತ್ರ. ಅದಕ್ಕೇ ಪರಿಹಾರವೂ ನನ್ನ ತಲೆಗೇ ಬರುತ್ತೆ. ಯೋಗ ಮಾಡು, ಆ್ಯಪ್ ಹಾಕ್ಕೊಂಡು ಧ್ಯಾನ ಮಾಡು, ಎರಡು ದಿನ ಚಿಕ್ಕಮಗಳೂರಿಗೆ ಹೋಗಿ ಬಾ.

ಮದ್ದೂರು, ಮಳವಳ್ಳಿ ಕಡೆ ಇದೇ ಸ್ಥಿತಿಗೆ ಇರುವ ಮಾತು 'ಹಿಂಡಿ ಹಿಪ್ಪೆ ಮಾಡಿದರು' ಅಂತ. ಕಬ್ಬು ಬೆಳೆಯುವ ಊರಿನವರಿಗೆ ಇದರಲ್ಲಿ ಕಲ್ಪಿಸಿಕೊಳ್ಳೋದು ಏನೂ ಇಲ್ಲ. ಆಲೆಮನೆಯಲ್ಲಿ ಕಬ್ಬನ್ನು ಗಾಣಕ್ಕೆ ಕೊಡ್ತಾರೆ, ಈ ಕಡೆ ಹಾಲು ಇಳಿಯುತ್ತೆ, ಆ ಕಡೆ ಹಿಪ್ಪೆ ಬೀಳುತ್ತೆ. ಈ ಮಾತಿಗೆ ಒಬ್ಬ ಕರ್ತೃ ಬೇಕೇ ಬೇಕು. ಹಿಂಡಿದ್ದು ಯಾರು, ರಸ ಹೋಗಿದ್ದು ಯಾರ ಕೊಪ್ಪರಿಗೆಗೆ ಅನ್ನುವ ಪ್ರಶ್ನೆಗಳು ಮಾತಿನ ಬೆನ್ನಿಗೇ ಬರುತ್ತವೆ. ಆಲೆಮನೆಯಲ್ಲಿ ಇನ್ನೂ ಒಂದು ಕೆಲಸ ನಡೆಯುತ್ತೆ. ಹಿಪ್ಪೆಯನ್ನು ಬಿಸಿಲಿಗೆ ಒಣಹಾಕಿ, ಅದನ್ನೇ ಒಲೆಗೆ ತುಂಬಿ ಮುಂದಿನ ಕಬ್ಬಿನ ಹಾಲು ಕಾಯಿಸುತ್ತಾರೆ. ಅಲ್ಲಿ ಉರಿಯೋದು ಎರಡನೆಯ ಹಂತ, ಹಿಂಡೋದು ಮೊದಲನೆಯದು. 'ಬರ್ನ್ಔಟ್' ಕತೆಯನ್ನು ಮಧ್ಯದಿಂದ ಶುರು ಮಾಡುತ್ತೆ.

ಇಷ್ಟು ಹೇಳಿದ ಮೇಲೆ ಕನ್ನಡ ಪ್ರಾಮಾಣಿಕ, ಇಂಗ್ಲಿಷ್ ಕಪಟಿ ಅಂತ ಷರಾ ಬರೆದು ಮುಗಿಸಬಹುದಿತ್ತು. ನವೆಂಬರ್ ತಿಂಗಳಲ್ಲಿ ಚಪ್ಪಾಳೆಯೂ ಬೀಳುತ್ತಿತ್ತು. ಆದರೆ ಅದು ನಿಜವಲ್ಲ. ಕನ್ನಡದಲ್ಲಿ ಕ್ರಿಯಾಪದದ ಬಾಲದಲ್ಲೇ ಮಾಡಿದವನು ಅಂಟಿಕೊಂಡಿರುತ್ತಾನೆ ಅನ್ನೋದು ಹೌದು. 'ತೆಗೆದೆ', 'ತೆಗೆದೆವು', 'ತೆಗೆದರು' ಅಂದಾಗ ಯಾರು ಅಂತ ಬೇರೆ ಹೇಳಬೇಕಿಲ್ಲ. ಆದರೆ ತಪ್ಪಿಸಿಕೊಳ್ಳೋಕೆ ಹಿತ್ತಿಲ ಬಾಗಿಲೂ ನಮ್ಮಲ್ಲೇ ಇದೆ. 'ಲೋಟ ಒಡೆದೆ' ಅನ್ನೋರಿಗಿಂತ 'ಲೋಟ ಒಡೆದೋಯ್ತು' ಅನ್ನೋರೇ ಜಾಸ್ತಿ. 'ತಪ್ಪು ಮಾಡಿದೆ' ಅನ್ನೋದಕ್ಕಿಂತ 'ತಪ್ಪಾಯ್ತು' ಅನ್ನೋದು ಸುಲಭ. ಮಳೆ ಬಂತು, ಬೆಳಗಾಯ್ತು, ತಪ್ಪಾಯ್ತು. ಎಲ್ಲ ತಾವಾಗೇ ಆಗಿದ್ದು.

ಇದಕ್ಕಿಂತ ಕತ್ತಲಾದ ಮಾತೂ ಇದೆ. 2023ರ ಕೊನೆಯಲ್ಲಿ ಬೆಂಗಳೂರು ಪೊಲೀಸರು ಭ್ರೂಣಲಿಂಗ ಪತ್ತೆ ಮಾಡಿ ಹೆಣ್ಣು ಭ್ರೂಣಗಳನ್ನು ತೆಗೆಸುತ್ತಿದ್ದ ಜಾಲವೊಂದನ್ನು ಹಿಡಿದಾಗ, ಮಂಡ್ಯದ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಮೆಷಿನ್ ಇಟ್ಟುಕೊಂಡು ಈ ಕೆಲಸ ನಡೆಯುತ್ತಿತ್ತು ಅನ್ನೋದು ಹೊರಬಂತು. ಬೆಲ್ಲ ಮಾಡುವ ಜಾಗ. ಭ್ರೂಣಲಿಂಗ ಪತ್ತೆಯನ್ನು ತಡೆಯುವ ಕಾಯ್ದೆ ಬಂದಿದ್ದು 1994ರಲ್ಲಿ. ಮೂವತ್ತು ವರ್ಷ ಆಗುತ್ತಾ ಬಂದರೂ ಕಾನೂನಿನ ಕಣ್ಣು ತಪ್ಪಿಸಿ ಇದು ನಡೆದಿದ್ದಕ್ಕೆ ಹಣ, ದಲ್ಲಾಳಿ, ಮೆಷಿನ್ ಎಲ್ಲ ಕಾರಣ. ಅವುಗಳ ಜೊತೆಗೆ ಒಂದು ಮಾತೂ ಕಾರಣ. 'ಕ್ಲೀನ್ ಮಾಡಿಸ್ಕೊಂಡು ಬಂದ್ರು.' ಮನೆಗಳಲ್ಲಿ, ಬಸ್ಸಿನಲ್ಲಿ, ಫಂಕ್ಷನ್ನುಗಳಲ್ಲಿ ತಗ್ಗಿದ ದನಿಯಲ್ಲಿ ಆಡುವ ಮಾತು. ಅಥವಾ ಬರೀ 'ತೆಗೆಸಿದ್ರು'. ಕೆಲಸದ ವಿಷಯದಲ್ಲಿ ಅಷ್ಟು ನೇರವಾಗಿದ್ದ ಅದೇ ಕ್ರಿಯಾಪದ ಇಲ್ಲಿ ಮುಖ ಮುಚ್ಚಿಕೊಳ್ಳುತ್ತೆ. ಗರ್ಭ ಬೇಕೋ ಬೇಡವೋ ಅನ್ನೋದು ಹೆಣ್ಣಿನ ತೀರ್ಮಾನ, ಅದರ ಬಗ್ಗೆ ನಾನಿಲ್ಲಿ ಮಾತಾಡುತ್ತಿಲ್ಲ. ಹುಟ್ಟಲಿರೋದು ಹೆಣ್ಣು ಅನ್ನುವ ಒಂದೇ ಕಾರಣಕ್ಕೆ, ಎಷ್ಟೋ ಸಲ ಆ ತಾಯಿಯ ಮಾತನ್ನೂ ಕೇಳದೆ ಮಾಡಿದ್ದಕ್ಕೆ 'ಕ್ಲೀನ್' ಅಂತ ಹೆಸರಿಡುವವರ ಬಗ್ಗೆ ಹೇಳುತ್ತಿದ್ದೇನೆ. ಕ್ಲೀನ್ ಮಾಡೋದು ಕೊಳೆಯನ್ನು. ಹಾಗಾದರೆ ಇಲ್ಲಿ ಕೊಳೆ ಯಾವುದಾಗಿತ್ತು?

ಚಿತ್ರ ಮರೆಮಾಚುವ ಎಲ್ಲ ಮಾತೂ ಕೆಟ್ಟದ್ದು ಅಂತ ಹೇಳಿಬಿಡಬಹುದೇ? ಅದೂ ಆಗೋದಿಲ್ಲ. ನಮ್ಮ ಹಳೆಯ ಮನೆಗಳಲ್ಲಿ ಅಕ್ಕಿ ಖಾಲಿ ಆದರೆ 'ಅಕ್ಕಿ ಹೆಚ್ಚಾಗಿದೆ' ಅನ್ನುತ್ತಿದ್ದರು. ಬಳೆ ಒಡೆದರೆ 'ಬಳೆ ಹೆಚ್ಚಾಯ್ತು'. ದೀಪ ಆರಿಸು ಅನ್ನದೆ 'ದೀಪ ದೊಡ್ಡದು ಮಾಡು' ಅಂತಿದ್ದರು. ಮನೆಯಿಂದ ಹೊರಡುವವರು ಇವತ್ತಿಗೂ 'ಹೋಗ್ತೀನಿ' ಅನ್ನೋದಿಲ್ಲ, 'ಹೋಗಿ ಬರ್ತೀನಿ' ಅಂತಾರೆ. ಸತ್ತವರ ಮನೆಯಲ್ಲಿ 'ತೀರಿಕೊಂಡ್ರು' ಅಂತೀವಿ. ಇವೂ ಸುತ್ತಿ ಬಳಸಿ ಆಡುವ ಮಾತುಗಳೇ. ಆದರೆ ಇವುಗಳಿಂದ ಯಾರೂ ಮೋಸಹೋಗೋದಿಲ್ಲ. 'ಅಕ್ಕಿ ಹೆಚ್ಚಾಗಿದೆ' ಅಂದ ಅಜ್ಜಿಯ ಮಾತು ಕೇಳಿ ಅಂಗಡಿಗೆ ಹೋಗದೆ ಉಳಿದವರಿಲ್ಲ. ಕೇಳುವವರ ಮನಸ್ಸಿಗೆ ಪೆಟ್ಟಾಗದಿರಲಿ ಅಂತ ಇಲ್ಲಿ ಮಾತಿಗೆ ಬಟ್ಟೆ ಹೊದಿಸಿದ್ದಾರೆ. ಆಗಬೇಕಾದ ಕೆಲಸ ಆಗಿಯೇ ತೀರುತ್ತೆ.

ನನಗೆ ಸಿಕ್ಕಿದ ವ್ಯತ್ಯಾಸ ಇದು. ಮಾತಿಗೆ ಹೊದಿಸಿದ ಬಟ್ಟೆ ಯಾರ ಮೈ ಮುಚ್ಚುತ್ತಿದೆ? 'ತೀರಿಕೊಂಡ್ರು' ಅನ್ನೋದು ಕಳೆದುಕೊಂಡವರಿಗೆ ಹೊದಿಸಿದ್ದು. 'ಲೆಟ್ ಗೋ', 'ಇಂಪ್ಯಾಕ್ಟ್', 'ಕ್ಲೀನ್' ಇವು ಹೇಳುವವರು ತಾವೇ ಹೊದ್ದುಕೊಂಡದ್ದು. ಒಂದು ದಯೆ, ಇನ್ನೊಂದು ತಲೆ ತಪ್ಪಿಸಿಕೊಳ್ಳೋದು. ಹೊರಗಿನಿಂದ ನೋಡಿದರೆ ಎರಡೂ ಮೆದುಮಾತೇ, ಅದಕ್ಕೇ ಎರಡನೆಯದು ಮೊದಲನೆಯದರ ವೇಷ ಹಾಕಿಕೊಂಡು ಓಡಾಡುತ್ತೆ. 'ಅವನಿಗೆ ಬೇಜಾರಾಗದಿರಲಿ ಅಂತ ಹಾಗೆ ಹೇಳಿದೆ' ಅಂತ ನಮ್ಮನ್ನು ನಾವೇ ನಂಬಿಸಿಕೊಳ್ಳುತ್ತೇವೆ. ಇಂಥ ಮಾತಿಗೆ ಕನ್ನಡದಲ್ಲಿ ಒಳ್ಳೆ ಹೆಸರಿದೆ, ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಅಂತ. ಈ ಕಡೆಗೂ ಪೂರ್ತಿ ಬೆಳಕಿಲ್ಲ, ಆ ಕಡೆಗೂ ಇಲ್ಲ. ಇಟ್ಟವನನ್ನು ಮಾತ್ರ ದೀಪ ಯಾಕೆ ಇಡಲಿಲ್ಲ ಅಂತ ಯಾರೂ ಕೇಳುವ ಹಾಗಿಲ್ಲ.

ಕೊನೆಯದಾಗಿ ಇನ್ನೊಂದು ನುಡಿಗಟ್ಟು, ಯಾಕೆಂದರೆ ಎಲ್ಲ ಆದಮೇಲೆ ಬರೋದು ಇದೇ. 'ವಾಟರ್ ಅಂಡರ್ ದ ಬ್ರಿಜ್.' ಆಗಿದ್ದು ಆಗಿಹೋಯ್ತು, ಸೇತುವೆ ಕೆಳಗೆ ನೀರು ಹರಿದುಹೋಯ್ತು, ಇನ್ನು ಅದರ ಮಾತು ಯಾಕೆ ಅಂತ. ವರ್ಷವಿಡೀ ಮಳೆ ಬರುವ ದೇಶಕ್ಕೆ ಹೊಂದುವ ಮಾತು. ನಮ್ಮ ಕಡೆ ಅದನ್ನು ಆಡಿ ನೋಡಿ. ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದಲ್ಲಿರುವ ಮದ್ದೂರು, ಮಳವಳ್ಳಿ ರೈತರಿಗೆ ಹರಿದುಹೋದ ನೀರು ಮರೆಯುವ ವಿಷಯವೇ ಅಲ್ಲ. 1892ರ ಒಪ್ಪಂದ, 1924ರ ಒಪ್ಪಂದ, 2007ರ ನ್ಯಾಯಮಂಡಳಿ ತೀರ್ಪು, 2018ರ ಸುಪ್ರೀಂ ಕೋರ್ಟ್ ತೀರ್ಪು. ನೂರಕ್ಕೂ ಹೆಚ್ಚು ವರ್ಷಗಳಿಂದ ಕಾವೇರಿ ಕಣಿವೆಯಲ್ಲಿ ವಾದ ನಡೆದಿರೋದೇ ಸೇತುವೆ ಕೆಳಗೆ ಹರಿದುಹೋಗುವ ನೀರಿನ ಬಗ್ಗೆ. ಇದು ನಮ್ಮ ಕಡೆಯ ದುಃಖ ಮಾತ್ರವೂ ಅಲ್ಲ. ತಂಜಾವೂರಿನ ಗದ್ದೆಯವನಿಗೂ ಬಾರದೆ ಹೋದ ನೀರು ನೆನಪಿರುತ್ತೆ.

ಹಾಗಂತ ಹಳೆಯದನ್ನು ಹೊತ್ತುಕೊಂಡೇ ತಿರುಗಬೇಕು ಅಂತಲ್ಲ. ಬಿಟ್ಟುಬಿಡಬಹುದು. ಆದರೆ ಬಿಟ್ಟುಬಿಡೋಣ ಅನ್ನುವ ಹಕ್ಕು ಗದ್ದೆ ಒಣಗಿದವನದು. ನೀರು ಹರಿಸಿಕೊಂಡವನು ಆ ಮಾತಾಡಿದರೆ ಅದು ಕ್ಷಮೆ ಆಗೋದಿಲ್ಲ, ಎರಡನೆಯ ಸಲ ಕಿತ್ತುಕೊಂಡಂತೆ ಆಗುತ್ತೆ. ಇಲ್ಲೂ ನಮ್ಮವರಲ್ಲಿ ಒಂದು ಮಾತಿದೆ. ಜಗಳ ಮುಗಿದ ಮೇಲೆ, ಮದುವೆ ಮನೆಯಿಂದ ಬೀಗರು ಹೊರಡುವಾಗ, ಕೈ ಮುಗಿದು "ಏನಾದ್ರೂ ತಪ್ಪಾಗಿದ್ರೆ ಹೊಟ್ಟೆಗಾಕ್ಕೊಳ್ಳಿ" ಅಂತಾರೆ. ಬಹಳ ಸಲ ಅದೂ ಬಾಯಿಪಾಠವೇ, 'ತಪ್ಪಾಗಿದ್ರೆ' ಅನ್ನೋದರಲ್ಲಿ ಜಾಣತನವೂ ಇದೆ. ಆದರೂ ಚಿತ್ರ ನೋಡಿ. ತಪ್ಪು ಎಲ್ಲೂ ಹರಿದುಹೋಗಿಲ್ಲ, ಅದು ಇಲ್ಲೇ ಇದೆ. ಇನ್ನು ಮೇಲೆ ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಅರಗಿಸಬೇಕಾದವರು ನೀವು, ಅದು ಕಷ್ಟದ ಕೆಲಸ ಅಂತ ಗೊತ್ತು, ಅದಕ್ಕೇ ಕೈ ಮುಗಿದು ಕೇಳುತ್ತಿದ್ದೇನೆ ಅಂತ ಆ ಮಾತು ಒಪ್ಪಿಕೊಳ್ಳುತ್ತೆ.

ಮೂರು ತಿಂಗಳಾದ ಮೇಲೆ ಆ ಹುಡುಗ ನನ್ನ ಗೆಳೆಯನ ಫೋನ್ ಎತ್ತಿದ. ಆಮೇಲೆ ಅವರಿಬ್ಬರೂ ಚೆನ್ನಾಗಿದ್ದಾರೆ ಅಂತ ಬರೆಯುವ ಆಸೆ ಇದೆ, ಆದರೆ ಹಾಗೇನಿಲ್ಲ. ಅವನಿಗೆ ಇನ್ನೊಂದು ಕಡೆ ಕೆಲಸ ಸಿಕ್ಕಿತ್ತು, ಸಂಬಳ ಮೊದಲಿಗಿಂತ ಕಡಿಮೆ. ಗೆಳೆಯ "ಹೊಟ್ಟೆಗಾಕ್ಕೊಳಪ್ಪ" ಅಂದನಂತೆ. ಅವನು "ನೋಡಾಣ ಬುಡಣ್ಣ" ಅಂದನಂತೆ.